ಅಂಕಿಯ ಹಿಂದಿನ ಹೆಸರು

ರಾಜಾಜಿನಗರದಲ್ಲಿ ಬರೀ ಮನೆ ನಂಬರಿನಿಂದ ಮನೆ ಸಿಗದು. ಬ್ಲಾಕು, ಮೇನು, ಕ್ರಾಸು ಗೊತ್ತಿರಬೇಕು. ಕೆಟ್ಟುನಿಂತ ಪ್ರೋಗ್ರಾಮ್ ಕೂಡ ತಿಳಿಸುವುದು ಮೆಮೊರಿಯ ವಿಳಾಸವೆಂಬ ಒಂದು ಅಂಕಿಯನ್ನಷ್ಟೆ. ಆ ಅಂಕಿಯಿಂದ ತಪ್ಪಿನ ಜಾಗ ಹುಡುಕಿಕೊಡುವ ಸಾಧನವೇ ಡಿಬಗರ್.

ಕಂಪೈಲರ್ ಸಿದ್ಧಪಡಿಸುವ ಪಟ್ಟಿಯಲ್ಲಿ ಪ್ರತಿ ಫಂಕ್ಷನ್ನಿನ ಹೆಸರೂ ಆರಂಭದ ವಿಳಾಸವೂ ಇರುತ್ತವೆ. ಒಂದು ಫಂಕ್ಷನ್ 4000ಕ್ಕೆ, ಮುಂದಿನದು 4200ಕ್ಕೆ ಆರಂಭವಾದರೆ 4120 ಮೊದಲನೆಯದಕ್ಕೆ ಸೇರಿದ್ದು.

ಅಲ್ಲಿಗೆ ಬಂದ ದಾರಿಯನ್ನು ಹೇಳುವುದು ಸ್ಟ್ಯಾಕ್. ಜರ್ಮನಿಯ ಬಾಯರ್ ಮತ್ತು ಸ್ಯಾಮೆಲ್ಸನ್ 1957ರಲ್ಲಿ ಈ ತತ್ತ್ವಕ್ಕೆ ಪೇಟೆಂಟ್ ಕೋರಿದ್ದರು. ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ, ಮರಳಬೇಕಾದ ವಿಳಾಸವನ್ನು ಹೊತ್ತ 'ಫ್ರೇಮ್' ತಟ್ಟೆಯ ಮೇಲೆ ತಟ್ಟೆ ಪೇರಿಸಿದಂತೆ ಸೇರುತ್ತದೆ. ಡಿಬಗರ್ ಮೇಲಿನಿಂದ ಒಂದೊಂದನ್ನೇ ಓದಿ, ಯಾವುದು ಯಾವುದನ್ನು ಕರೆಯಿತೆಂದು ತಿಳಿಸುತ್ತದೆ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಜಿಡಿಬಿ ಇಂಥ ಡಿಬಗರ್‌ಗಳಲ್ಲಿ ಪ್ರಸಿದ್ಧ.

ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಪಾಲುಂಟು. ಲಿನಕ್ಸ್ ಕರ್ನೆಲ್ ಓಡುತ್ತಿರುವಾಗಲೇ ಬೇಕಾದ ವಿಳಾಸದಲ್ಲಿ ಇಣುಕಿನೋಡುವ 'ಕೆಪ್ರೋಬ್ಸ್' 2004ರಲ್ಲಿ ಅದರ 2.6.9 ಆವೃತ್ತಿಗೆ ಸೇರಿತು. ಅದನ್ನು ರೂಪಿಸಿದವರಲ್ಲಿ ಇಲ್ಲಿನ ಐಬಿಎಂ ಎಂಜಿನಿಯರರೂ ಇದ್ದರು.

ಗಾತ್ರ ತಗ್ಗಿಸಲೆಂದೋ ಗುಟ್ಟು ಕಾಯಲೆಂದೋ ಹೆಸರಿನ ಪಟ್ಟಿಯನ್ನು ಕಿತ್ತುಹಾಕಿ ಪ್ರೋಗ್ರಾಮ್ ಮಾರುವುದುಂಟು. ತಯಾರಕರು ಅದರ ಪ್ರತಿಯನ್ನು ಕಾದಿಡದಿದ್ದರೆ, ತಪ್ಪಾದ ದಿನ ಕೈಯಲ್ಲಿ ಉಳಿಯುವುದು ಬರೀ ಅಂಕಿ.