ಫೈನಲ್‌ಗಿಂತ ದೊಡ್ಡದಾದ ಸೆಮಿಫೈನಲ್

ರಣಜಿ ಟ್ರೋಫಿಯನ್ನು ಕರ್ನಾಟಕ ಮೊದಲ ಬಾರಿ ಗೆದ್ದದ್ದು 1974ರಲ್ಲಿ, ಜೈಪುರದಲ್ಲಿ, ರಾಜಸ್ಥಾನದ ವಿರುದ್ಧ. ಆದರೆ ಅಭಿಮಾನಿಗಳು ಇಂದಿಗೂ ಮೆಲುಕು ಹಾಕುವುದು ಅದಕ್ಕೆ ಮುನ್ನ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲನ್ನು. ಕಾರಣ, ಎದುರಾಳಿ ಮುಂಬಯಿ. 1958-59ರಿಂದ ಸತತ 15 ವರ್ಷ ಟ್ರೋಫಿ ಅವರದೇ ಆಗಿತ್ತು.

ವಿಶ್ವನಾಥ್ (162), ಬ್ರಿಜೇಶ್ ಪಟೇಲ್ (106) ಇವರ ಶತಕಗಳಿಂದ ಕರ್ನಾಟಕ 385 ರನ್ ಗಳಿಸಿತು. ನಾಯಕ ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದರು. ವಾಡೇಕರ್ ಜಾರಿ ರನ್‌ಔಟಾದರು. ಮುಂಬಯಿ 307ಕ್ಕೆ ಮುಗಿಯಿತು. ಪಂದ್ಯ ಡ್ರಾ ಆದರೂ ಮೊದಲ ಇನಿಂಗ್ಸಿನ 78 ರನ್‌ಗಳ ಮುನ್ನಡೆ ಕರ್ನಾಟಕವನ್ನು ಫೈನಲ್‌ಗೆ ಒಯ್ದಿತು.

ಗದಗ ಸೀಮೆಯಿಂದ ನೋಡಿದರೆ ಈ ಸಂಭ್ರಮಕ್ಕೆ ಇನ್ನೊಂದು ಮುಖವಿದೆ. ಗದಗ-ಬೆಟಗೇರಿ, ಮುಂಡರಗಿ ಮುಂಬಯಿ ಪ್ರಾಂತದಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಸ್ವಾತಂತ್ರ್ಯಾನಂತರ ಅವೂ ಮುಂಬಯಿಯಲ್ಲಿ ವಿಲೀನವಾದವು. 1956ರ ಏಕೀಕರಣದವರೆಗೆ ಇಲ್ಲಿಯವರ ರಾಜಧಾನಿ ಮುಂಬಯಿಯೇ. ಕನ್ನಡ ನಾಡಿನ ಉದಯವನ್ನು ಹಾರೈಸಿ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲಾದ ಗೀತೆಯನ್ನು ಬರೆದ ಹುಯಿಲಗೋಳ ನಾರಾಯಣರಾಯರು ಗದಗಿನವರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ದೊರೆತದ್ದು 1973ರ ನವೆಂಬರ್ 1ರಂದು. ಅದುವರೆಗೆ ಮೈಸೂರು ಎನಿಸಿಕೊಂಡಿದ್ದ ತಂಡ, ಹೊಸ ಹೆಸರಿನ ಮೊದಲ ಋತುವಿನಲ್ಲೇ ಮುಂಬಯಿಯನ್ನು ಹಿಂದಿಕ್ಕಿತು. ಉತ್ತರದ ಜಿಲ್ಲೆಗಳವರೂ ಇದನ್ನು ‘ನಮ್ಮ ತಂಡ’ ಎನ್ನಲು ಆ ಹೆಸರು ದಾರಿಮಾಡಿತು.

ಮುಂದೆ 1995-96ರಲ್ಲಿ ಕರ್ನಾಟಕ ಮತ್ತೆ ಟ್ರೋಫಿ ಗೆದ್ದಾಗ, ಆ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದವರು ಗದಗದಲ್ಲೇ ಹುಟ್ಟಿದ ಸುನೀಲ್ ಜೋಶಿ.