ಐಸೋನಿಯಜಿಡ್ ಪ್ರತಿರೋಧ: ಕಲಬುರಗಿಯ ಕಲ್ಲುಗಣಿ ಸೀಮೆಯನ್ನು ಕುರಿತು ಒಂದು ವಿಚಾರ

ಕ್ಷಯರೋಗದ ಔಷಧ ಪ್ರತಿರೋಧ ಎಂದಕೂಡಲೇ ಎಲ್ಲರ ಗಮನ ರಿಫಾಂಪಿಸಿನ್ ಕಡೆಗೆ ಹೋಗುತ್ತದೆ. ಸಿಬಿನ್ಯಾಟ್, ಟ್ರೂನ್ಯಾಟ್ ಪರೀಕ್ಷೆಗಳು ಎರಡು ತಾಸಿನ ಆಸುಪಾಸಿನಲ್ಲಿ ಹೇಳುವುದೂ ಅದನ್ನೇ. ‘ರಿಫಾಂಪಿಸಿನ್‌ಗೆ ಪ್ರತಿರೋಧವಿಲ್ಲ’ ಎಂಬ ವರದಿಯನ್ನು ‘ಯಾವ ಔಷಧಿಗೂ ಪ್ರತಿರೋಧವಿಲ್ಲ’ ಎಂದು ಓದಿಕೊಳ್ಳುವುದರಲ್ಲೇ ಅಪಾಯವಿದೆ. 2014–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ರಿಫಾಂಪಿಸಿನ್, ಐಸೋನಿಯಜಿಡ್ ಎಂಬ ಎರಡು ಮುಖ್ಯ ಔಷಧಿಗಳಿಗೂ ಬಗ್ಗದ ಬಹುಔಷಧ ಪ್ರತಿರೋಧ ಹೊಸ ರೋಗಿಗಳಲ್ಲಿ ಶೇ. 2.84 ಇದ್ದರೆ, ಐಸೋನಿಯಜಿಡ್ ಪ್ರತಿರೋಧ ಶೇ. 11ರಷ್ಟಿತ್ತು. ಹಿಂದೆ ಚಿಕಿತ್ಸೆ ಪಡೆದವರಲ್ಲಿ ಅದು ಶೇ. 25.

ಈ ಪ್ರತಿರೋಧವನ್ನು ಪತ್ತೆಹಚ್ಚುವುದು ಲೈನ್ ಪ್ರೋಬ್ ಪರೀಕ್ಷೆ. ಕಿರಿದಾದ ಪಟ್ಟಿಯ ಮೇಲೆ ಗೆರೆಗಳು ಮೂಡುತ್ತವೆ. ಕ್ಯಾಟ್-ಜಿ ಜೀನಿನ ಸಹಜ ಗೆರೆ ಮಾಯವಾಗಿ ರೂಪಾಂತರದ ಗೆರೆ ಕಂಡರೆ ಪ್ರತಿರೋಧ ತೀವ್ರವಾದದ್ದು. ಮಾತ್ರೆಯ ಪ್ರಮಾಣ ಹೆಚ್ಚಿಸಿದರೂ ಪ್ರಯೋಜನ ಕಡಿಮೆ. ಇನ್‌ಎಚ್‌ಎ ಜೀನಿನ ಭಾಗದಲ್ಲಿ ಬದಲಾವಣೆ ಇದ್ದರೆ ಹೆಚ್ಚಿನ ಪ್ರಮಾಣಕ್ಕೆ ಸೂಕ್ಷ್ಮಾಣು ಬಗ್ಗಬಹುದು. ಕಫದಲ್ಲಿ ಸೂಕ್ಷ್ಮಾಣು ಹೇರಳವಾಗಿದ್ದರೆ ಫಲಿತಾಂಶಕ್ಕೆ ಕೆಲವೇ ದಿನ ಸಾಕು. ವಿರಳವಾಗಿದ್ದರೆ ಮೊದಲು ಕಲ್ಚರ್‌ನಲ್ಲಿ ಬೆಳೆಸಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ.

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಯಲ್ಲಿ ಆ ವಾರಗಳೇ ನಿರ್ಣಾಯಕ. ಇದು ಹಾಸುಗಲ್ಲು ಮತ್ತು ಸಿಮೆಂಟಿನ ನಾಡು. ಸಿಲಿಕಾ ಧೂಳು ಶ್ವಾಸಕೋಶದ ಭಕ್ಷಕಕೋಶಗಳನ್ನು ಕೊಲ್ಲುತ್ತದೆ. ಕ್ಷಯದ ಸೂಕ್ಷ್ಮಾಣುವನ್ನು ಮೊದಲು ತಡೆಯುವ ಕೋಶಗಳೂ ಅವೇ. ಸುಣ್ಣಕಲ್ಲಿನಲ್ಲಿ ಸಿಲಿಕಾ ಮರಳುಗಲ್ಲಿಗಿಂತ ಕಡಿಮೆ, ಆದ್ದರಿಂದ ಇಲ್ಲಿನ ಪ್ರತಿ ಗಣಿಕಾರ್ಮಿಕನಿಗೂ ಸಿಲಿಕೋಸಿಸ್ ಇದೆಯೆನ್ನಲಾಗದು. ಆದರೆ ಕಲ್ಲು ಕೊರೆಯುವ, ಪಾಲಿಶ್ ಮಾಡುವ ಕೂಲಿಕಾರರ ಎದೆಯ ಎಕ್ಸ್‌-ರೇ ತೆಗೆಯದೆ ಇಲ್ಲವೆನ್ನುವುದೂ ಸಲ್ಲದು. ಅಂಥವರಿಗೆ ಮುಂಜಾಗ್ರತೆಯಾಗಿ ಐಸೋನಿಯಜಿಡ್ ಒಂದನ್ನೇ ಕೊಡುವ ಮುನ್ನ ಸಕ್ರಿಯ ಕ್ಷಯವಿಲ್ಲ ಎಂಬುದು ಖಚಿತವಾಗಲೇಬೇಕು. ಇಲ್ಲವಾದರೆ ನಾವೇ ಪ್ರತಿರೋಧ ಬೆಳೆಸಿದಂತಾಗುತ್ತದೆ.

ಇದರ ಜೊತೆಗೆ ಗುಳೆ. ತೊಗರಿ ರಾಶಿ ಮುಗಿದ ಮೇಲೆ ಚಿಂಚೋಳಿಯ ತಾಂಡಾಗಳಿಂದ, ಸೇಡಂನ ಹಳ್ಳಿಗಳಿಂದ ಕುಟುಂಬಗಳು ಹೈದರಾಬಾದ್, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಚಿಕಿತ್ಸೆಯ ಅವಧಿ ಆರು ತಿಂಗಳು. ರೋಗಿ ಹೋದ ಮೇಲೆ ಬಂದ ವರದಿ ಇಲ್ಲಿನ ಕಡತದಲ್ಲೇ ಉಳಿದರೆ, ಅಲ್ಲಿ ಅವನು ನುಂಗುವ ಮಾತ್ರೆಗಳಲ್ಲಿ ಐಸೋನಿಯಜಿಡ್ ಕೆಲಸ ಮಾಡುವುದಿಲ್ಲ, ರಿಫಾಂಪಿಸಿನ್ ಮೇಲೆ ಭಾರ ಬೀಳುತ್ತದೆ. ಬಹುಔಷಧ ಪ್ರತಿರೋಧಕ್ಕೆ ಇದೇ ಹತ್ತಿರದ ದಾರಿ. ರೋಗಿ ಮಾತ್ರೆ ಬಿಟ್ಟನೆಂದು ದೂರುವುದು ಸುಲಭ. ಅವನ ವಿಳಾಸಕ್ಕೆ ವರದಿ ತಲುಪಿಸುವುದು ನಮ್ಮ ಹೊಣೆ. ಲೆವೊಫ್ಲಾಕ್ಸಸಿನ್ ಸೇರಿಸಿದ ಆರು ತಿಂಗಳ ಚಿಕಿತ್ಸಾಕ್ರಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದ್ದೇ ಇದೆ.

ತಾಲ್ಲೂಕು ಆಸ್ಪತ್ರೆಗಳ ವೈದ್ಯರಲ್ಲಿ ನನ್ನ ಕೋರಿಕೆ ಇಷ್ಟು: ಮೊದಲ ಭೇಟಿಯಲ್ಲೇ ಲೈನ್ ಪ್ರೋಬ್ ಪರೀಕ್ಷೆಗೆಂದು ಎರಡನೆಯ ಕಫದ ಮಾದರಿಯನ್ನೂ ಪಡೆದು ಕಳಿಸಿ, ಕಸುಬು ಮತ್ತು ಗುಳೆ ಹೋಗುವ ಊರನ್ನು ಕೇಳಿ ಬರೆದುಕೊಳ್ಳಿ, ಐಸೋನಿಯಜಿಡ್ ಫಲಿತಾಂಶವನ್ನು ಕ್ಷಯ ಕಾರ್ಯಕ್ರಮದ ಆನ್‌ಲೈನ್ ವ್ಯವಸ್ಥೆಯಾದ ನಿಕ್ಷಯ್‌ನ ದಾಖಲೆಯಲ್ಲಿ ಸೇರಿಸಿ ಆ ಊರಿನ ಕ್ಷಯ ಘಟಕಕ್ಕೆ ವರ್ಗಾಯಿಸಿ.