ಜುಹೂ ಬಯಲಿನ ಮೋಟಾರು ಪಂದ್ಯಗಳು: ಜೋಗೇಶ್ವರಿಯ ಒಂದು ಪುನರ್ಮಿಲನದ ನಿಮಿತ್ತ

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟವರು ಇದುವರೆಗೆ ಬಹುಮಟ್ಟಿಗೆ ಹೋಟೆಲು, ಬ್ಯಾಂಕು, ರಾತ್ರಿಶಾಲೆ ಈ ಮೂರರ ಸುತ್ತಲೇ ನಡೆದಿದ್ದಾರೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹೋಟೆಲಿಗೆ ಪರವಾನಗಿ ಪತ್ರವಿತ್ತು. ದಕ್ಷಿಣ ಕನ್ನಡದಲ್ಲಿ ಹುಟ್ಟಿ ಈ ನಗರಕ್ಕೆ ಶಾಖೆ ಚಾಚಿದ ಬ್ಯಾಂಕುಗಳಿಗೆ ವಾರ್ಷಿಕ ವರದಿಗಳಿದ್ದವು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳು ನಡೆಸಿದ ಶಾಲೆಗಳಿಗೆ ಹಾಜರಿ ಪುಸ್ತಕಗಳಿದ್ದವು. ಬರೆದಿಟ್ಟದ್ದು ಚರಿತ್ರೆಯಾಯಿತು. ಮೋಟಾರು ಗ್ಯಾರೇಜುಗಳಲ್ಲಿ ದುಡಿದ ನಮ್ಮವರ ವಿಷಯದಲ್ಲಿ ಇಂತಹ ಸೌಕರ್ಯವಿಲ್ಲ. ಪ್ರಸ್ತುತ ಲೇಖನ ಆ ಗ್ಯಾರೇಜುಗಳ ಒಂದು ಸಣ್ಣ ಮೂಲೆಗೆ, ಎಂದರೆ 1950-60ರ ದಶಕಗಳಲ್ಲಿ ಮುಂಬಯಿಯಲ್ಲಿ ನಡೆಯುತ್ತಿದ್ದ ಮೋಟಾರು ಪಂದ್ಯಗಳಿಗೆ ಸಂಬಂಧಿಸಿದ್ದು. ಅಂತಹ ಪಂದ್ಯಗಳಲ್ಲಿ ಭಾಗವಹಿಸಿದ ಒಂದು ಹಳೆಯ ತಂಡದವರು ಜೋಗೇಶ್ವರಿಯಲ್ಲಿ ಮತ್ತೆ ಕಲೆತ ಸಂದರ್ಭದಲ್ಲಿ ನಾನೂ ಉಪಸ್ಥಿತನಿದ್ದುದು ಇದನ್ನು ಬರೆಯಲು ನಿಮಿತ್ತವಾಯಿತು.

ಮುಂಬಯಿಗೆ ಮೋಟಾರು ಬಂದದ್ದು 1898ರಲ್ಲಿ. ಆ ವರ್ಷ ಕಾರು ಕೊಂಡ ಬೆರಳೆಣಿಕೆಯ ಪಾರ್ಸಿ ಗೃಹಸ್ಥರಲ್ಲಿ ಜಮ್‌ಶೆಟ್‌ಜಿ ಟಾಟಾ ಒಬ್ಬರು. 1928ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ಶಿವಡಿಯಲ್ಲಿ ಜೋಡಣೆಯ ಕಾರ್ಖಾನೆಯನ್ನು ತೆರೆಯಿತು. ಅದೇ ವರ್ಷ ಜುಹೂ ವಿಮಾನ ನಿಲ್ದಾಣವೂ ಪ್ರಾರಂಭವಾಯಿತು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಅಂಚೆಚೀಲ ಹೊತ್ತ ಪುಟ್ಟ ವಿಮಾನವನ್ನು ತಂದು ಇಳಿಸಿದ್ದು ಇಲ್ಲಿಯೇ. ಅವರಿಗೆ ನೆಲದ ಮೇಲಿನ ವೇಗದ ಮೋಹವೂ ಕಡಿಮೆಯಿರಲಿಲ್ಲ. ಬುಗಾಟಿ ಕಾರನ್ನು ಅತಿವೇಗದಿಂದ ಓಡಿಸಿದ ಆಪಾದನೆಯ ಮೇಲೆ ವಕೀಲ ಜ್ಯಾಕ್ ವಿಕಾಜಿಯವರ ಬಳಿಗೆ ಹೋದವರು ಅವರ ಸೋದರ ಸಂಬಂಧದ ಥೆಲ್ಮಾರನ್ನು ಕಂಡು 1930ರಲ್ಲಿ ವಿವಾಹವಾದರು. ಮೋಟಾರಿನ ಚರಿತ್ರೆಯಲ್ಲಿ ಇಂತಹ ಕಥೆಗಳು ಧಾರಾಳವಾಗಿ ದೊರೆಯುತ್ತವೆ. ಆ ಬುಗಾಟಿಯ ಎಂಜಿನನ್ನು ಬಿಚ್ಚಿ ಕಟ್ಟುತ್ತಿದ್ದವನು ಯಾರೆಂಬುದು ಮಾತ್ರ ಯಾವ ಕಥೆಯಲ್ಲಿಯೂ ದೊರೆಯುವುದಿಲ್ಲ.

ಯುದ್ಧಾನಂತರ ನಮ್ಮ ದೇಶದ ಮೋಟಾರು ಪಂದ್ಯಗಳು ವಿಮಾನದ ಓಡುಪಟ್ಟಿಗಳ ಮೇಲೆ ನಡೆದುದಕ್ಕೆ ಕಾರಣ ಸರಳವಾಗಿದೆ. ಪಂದ್ಯಕ್ಕೆಂದೇ ಕಟ್ಟಿದ ಪಥ ಎಲ್ಲಿಯೂ ಇರಲಿಲ್ಲ. ಎತ್ತಿನ ಬಂಡಿಯಾಗಲಿ ಪಾದಚಾರಿಯಾಗಲಿ ಅಡ್ಡ ಬಾರದ, ಉದ್ದವಾದ, ಸಮತಟ್ಟಾದ ಗಟ್ಟಿ ನೆಲವೆಂದರೆ ಓಡುಪಟ್ಟಿಯೊಂದೇ. ಮದರಾಸಿನ ಉತ್ತರಕ್ಕಿರುವ ಶೋಲಾವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ಓಡುಪಟ್ಟಿ ಪಾಳುಬಿದ್ದಿತ್ತು. ಮದರಾಸಿನ ಮೋಟಾರು ಕ್ರೀಡಾ ಸಂಘದವರು ಅಲ್ಲಿ ನಡೆಸಿದ ಪಂದ್ಯಗಳಿಗೆ ಕಲಕತ್ತೆ, ಮುಂಬಯಿ, ಬೆಂಗಳೂರುಗಳಿಂದ ಸ್ಪರ್ಧಿಗಳು ಬರುತ್ತಿದ್ದರು. ಮುಂಬಯಿಗೆ ಜುಹೂ ಬಯಲು ಇತ್ತು. ಸಾಂತಾಕ್ರೂಜ್ ನಿಲ್ದಾಣ ದೊಡ್ಡದಾದ ಬಳಿಕ ಜುಹೂವಿನ ಸಂಚಾರ ತಗ್ಗಿ, ರಜೆಯ ದಿನಗಳಲ್ಲಿ ಅದನ್ನು ಪಂದ್ಯಕ್ಕೆ ಬಿಟ್ಟುಕೊಡುವುದು ಸಾಧ್ಯವಾಯಿತು. ಜೋಗೇಶ್ವರಿಯಿಂದ ಅಂಧೇರಿಯನ್ನು ದಾಟಿದರೆ ಜುಹೂ. ಅದು ಹತ್ತಿರವೆಂಬ ಕಾರಣಕ್ಕೇ ಈ ತಂಡದವರು ತಮ್ಮ ಗ್ಯಾರೇಜನ್ನು ಜೋಗೇಶ್ವರಿಯಲ್ಲಿ ಹೂಡಿದರಂತೆ.

ಆ ಕಾಲದ ಪಂದ್ಯಗಳನ್ನು ಕುರಿತು ಬರೆದವರು ರಾಜಮನೆತನಗಳ ಜ್ಯಾಗ್ವಾರುಗಳನ್ನು ಮರೆಯದೆ ಹೆಸರಿಸುತ್ತಾರೆ. ಅವು ನೋಡಲು ಚೆಂದ, ಸಂದೇಹವಿಲ್ಲ. ಆದರೆ ಪಂದ್ಯಗಳ ನಿಜವಾದ ಸ್ವರೂಪವನ್ನು ತಿಳಿಯಬೇಕಾದರೆ ಸುಂಕದ ಚರಿತ್ರೆಯನ್ನು ನೋಡಬೇಕು. 1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ದೇಶದಲ್ಲಿಯೇ ತಯಾರಿಸುವ ಕಾರ್ಯಕ್ರಮವುಳ್ಳ ಸಂಸ್ಥೆಗಳಿಗೆ ಮಾತ್ರ ಮೋಟಾರು ಉದ್ಯಮ ಮೀಸಲಾಯಿತು. ಬರಿಯ ಜೋಡಣೆಯಲ್ಲಿ ತೊಡಗಿದ್ದ ಜನರಲ್ ಮೋಟಾರ್ಸ್ ಶಿವಡಿಯ ಕಾರ್ಖಾನೆಯನ್ನು ಮುಚ್ಚಿ ಹೊರಟಿತು. ಪರದೇಶದ ಹೊಸ ಕಾರು ಕಣ್ಮರೆಯಾಯಿತು. ಬಿಡಿಭಾಗಗಳಿಗೂ ಲೈಸೆನ್ಸು ಬೇಕಾಯಿತು. ಅಲ್ಲಿಂದ ಮುಂದೆ ಓಟಗಾರನಿಗೆ ಎರಡೇ ದಾರಿ: ಯುದ್ಧಪೂರ್ವದ ಹಳೆಯ ಕಾರನ್ನು ಹೇಗಾದರೂ ಜೀವಂತವಾಗಿಡುವುದು, ಇಲ್ಲವೆ ಊರಿನಲ್ಲಿ ದೊರೆಯುವ ಸಂಸಾರದ ಕಾರನ್ನು ಪಂದ್ಯಕ್ಕೆ ಸಿದ್ಧಗೊಳಿಸುವುದು. ಎರಡಕ್ಕೂ ಹಣಕ್ಕಿಂತ ಕೈಕಸಬು ಮುಖ್ಯವಾಯಿತು.

ಮುಂಬಯಿಯಲ್ಲಿ ಆ ಸಂಸಾರದ ಕಾರು ಫಿಯೆಟ್. ಅದು ತಯಾರಾಗುತ್ತಿದ್ದುದು ಕುರ್ಲಾದಲ್ಲಿ. ಈ ಕುರ್ಲಾದ ಕಾರ್ಖಾನೆಗೆ ಕನ್ನಡಿಗರು ಮರೆಯಬಾರದ ಒಂದು ಪೂರ್ವಕಥೆಯುಂಟು. 1935ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯುರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದು, ಭಾರತದಲ್ಲಿ ಅಂತಹುದೊಂದನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಮುಂಬಯಿಯ ಉದ್ಯಮಪತಿಗಳಲ್ಲಿ ವಾಲಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಬಿ. ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲ ಬಂಡವಾಳದ ಮೇಲಿನ ಬಡ್ಡಿಗೆ ಹೊಣೆ ನಿಲ್ಲಲು ಒಲವು ತೋರಿತು. 1939ರಲ್ಲಿ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಆಗ ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರಕಾರ ನೆರವಿಗೆ ಮುಂದಾಯಿತು. ಬೆಂಗಳೂರಿನಲ್ಲಿ ಕಾರು ತಯಾರಾಗುವ ದಿನ ಸಮೀಪಿಸಿತೆಂದು ಜನ ನಂಬಿದ್ದರು. ಆದರೆ ಭಾರತ ಸರಕಾರ, ಇದು ಯುದ್ಧಪ್ರಯತ್ನಕ್ಕೆ ಅವಶ್ಯಕವಾದ ಉದ್ಯಮವಲ್ಲವೆಂದು ಹೇಳಿ ನೆರವನ್ನು ನಿರಾಕರಿಸಿದುದರಿಂದ ಮೈಸೂರು ಹಿಂದೆಗೆಯಬೇಕಾಯಿತು. ವಿಚಿತ್ರವೆಂದರೆ ಅದೇ ವಾಲಚಂದರು ಅದೇ ಮೈಸೂರು ಸರಕಾರದೊಡನೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಕಾರಿನ ಕಾರ್ಖಾನೆ, ಅಂದರೆ ಪ್ರೀಮಿಯರ್ ಆಟೋಮೊಬೈಲ್ಸ್, 1944ರಲ್ಲಿ ಸ್ಥಾಪನೆಯಾಗಿ ಕುರ್ಲಾದಲ್ಲಿ ನೆಲೆಸಿತು. ವಿಮಾನ ಬೆಂಗಳೂರಿಗೆ, ಮೋಟಾರು ಮುಂಬಯಿಗೆ ಎಂದು ಹಂಚಿಕೆಯಾದಂತಾಯಿತು. ಕರಾವಳಿಯ ಹುಡುಗರು ಮುಂಬಯಿಗೆ ಬಂದುದಕ್ಕೆ ಇದೇ ಕಾರಣವೆನ್ನುವ ಧೈರ್ಯ ನನಗಿಲ್ಲ. ಅವರು ಅದಕ್ಕೂ ಬಹಳ ಹಿಂದಿನಿಂದ ಬರುತ್ತಿದ್ದರು. ಹೋಟೆಲಿನ ಬಟ್ಟಲು ತೊಳೆಯುವ ಕೆಲಸದಿಂದ ಬಿಡುಗಡೆ ಬಯಸಿದವನಿಗೆ ಸ್ಪ್ಯಾನರು ಹಿಡಿಯುವ ಇನ್ನೊಂದು ದಾರಿಯನ್ನು ಆ ಕಾರ್ಖಾನೆಯೂ ಅದರ ಸುತ್ತ ಬೆಳೆದ ಗ್ಯಾರೇಜುಗಳೂ ತೆರೆದುವೆನ್ನಬಹುದು.

ಫಿಯೆಟ್ 1100 ಮಾದರಿಯ ಎಂಜಿನು 1089 ಘನ ಸೆಂಟಿಮೀಟರಿನದು, ನಾಲ್ಕು ಸಿಲಿಂಡರು, ಗೇರಿನ ಕೋಲು ಸ್ಟಿಯರಿಂಗಿನ ಬಳಿ. ಗೃಹಸ್ಥನು ಹೆಂಡತಿಮಕ್ಕಳೊಡನೆ ಖಂಡಾಲಾ ಘಟ್ಟ ಹತ್ತಲು ತಕ್ಕದ್ದು. ಅದನ್ನು ಓಟದ ಕಾರಾಗಿಸುವ ವಿದ್ಯೆ ಬಹಳ ಸ್ವಾರಸ್ಯವಾದುದು. ಮೊದಲು ಹಿಂದಿನ ಆಸನ, ಬಂಪರು, ಬಾಗಿಲ ಒಳಗಿನ ಹೊದಿಕೆ ಎಲ್ಲವನ್ನೂ ಕಿತ್ತು ತೂಕ ಇಳಿಸುವರು. ಅನಂತರ ಸಿಲಿಂಡರಿನ ಹೆಡ್ಡನ್ನು ಬಿಚ್ಚಿ ಅದರ ಅಡಿಯನ್ನು ಯಂತ್ರದಿಂದ ಹೆರೆಯುವರು; ಇದರಿಂದ ಪೆಟ್ರೋಲಿನ ಆವಿ ಇನ್ನಷ್ಟು ಕಿರಿದಾದ ಎಡೆಯಲ್ಲಿ ಒತ್ತಲ್ಪಟ್ಟು ಸ್ಫೋಟದ ಬಲ ಹೆಚ್ಚುತ್ತದೆ. ಆದರೆ ಮಿತಿ ಮೀರಿದರೆ ಆವಿಯು ಹೊತ್ತಿಗೆ ಮುಂಚೆಯೇ ಸಿಡಿದು ಪಿಸ್ಟನ್ನಿನ ನೆತ್ತಿ ತೂತಾಗುವುದು. ಒಂದು ಕಾರ್ಬ್ಯುರೇಟರ್ ಇದ್ದಲ್ಲಿ ಎರಡನ್ನು ಕೂಡಿಸುವರು. ಫ್ಲೈವೀಲನ್ನು ಕಡೆದು ಹಗುರ ಮಾಡುವರು. ತಿರುವಿನಲ್ಲಿ ಕಾರು ವಾಲದಂತೆ ಸ್ಪ್ರಿಂಗುಗಳನ್ನು ತಗ್ಗಿಸುವರು. ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬ್ರೇಕಿನದು. ಓಡುಪಟ್ಟಿಯ ತುದಿಯಲ್ಲಿ ಪೂರ್ಣ ವೇಗದಿಂದ ಬಂದು ಹಠಾತ್ತನೆ ತಿರುಗಬೇಕು. ಆ ಕಾಲದ ಡ್ರಮ್ ಬ್ರೇಕು ಕೆಲವು ಸುತ್ತುಗಳಲ್ಲಿಯೇ ಕಾದು ಹಿಡಿತ ಬಿಡುವುದು. ಇದಕ್ಕೆ ಯಾವ ಕೈಪಿಡಿಯಲ್ಲಿಯೂ ಪರಿಹಾರವಿರಲಿಲ್ಲ, ಏಕೆಂದರೆ ಇಟಲಿಯಲ್ಲಿ ಕೈಪಿಡಿ ಬರೆದವರು ಹೀಗೆ ಓಡಿಸುವರೆಂದು ಎಣಿಸಿರಲಿಲ್ಲ.

ಜೋಗೇಶ್ವರಿಯ ಸಭೆಗೆ ಬಂದವರು ಒಂಬತ್ತು ಜನ. ಹೆಚ್ಚಿನವರು ಎಂಬತ್ತು ದಾಟಿದವರು. ಗ್ಯಾರೇಜು ಈಗ ಟೆಂಪೋ ದುರಸ್ತಿಯ ಅಂಗಡಿ. ಓಡಿಸುತ್ತಿದ್ದವರು ಕುರ್ಚಿಗಳಲ್ಲಿ ಕುಳಿತರು. ಮೆಕ್ಯಾನಿಕರಾಗಿದ್ದ ಮೂವರು, ಯಾರೂ ಹೇಳದೆಯೇ, ಹಿಂದಿನ ಗೋಡೆಯ ಬಳಿ ತಾಡಪತ್ರಿ ಹೊದಿಸಿದ್ದ ಕಾರಿನ ಬಳಿಗೆ ಹೋಗಿ ನಿಂತರು. ಅವರಲ್ಲಿ ಒಬ್ಬರು ಕಾರ್ಕಳದ ಕಡೆಯವರು. ಹದಿನಾಲ್ಕರ ಪ್ರಾಯದಲ್ಲಿ ಕೋಟೆಯ ಹೋಟೆಲೊಂದಕ್ಕೆ ಬಂದು, ರಾತ್ರಿಶಾಲೆಯಲ್ಲಿ ಓದಿ, ಬಳಿಕ ಗ್ಯಾರೇಜು ಸೇರಿದವರು. ನಾನು ಕನ್ನಡದವನೆಂದು ತಿಳಿದ ಮೇಲೆ ಅವರು ನನ್ನನ್ನು ಬಿಡಲಿಲ್ಲ. ಹೆಡ್ಡು ಹೆರೆಯುವ ಅಳತೆಯನ್ನು ನಿಶ್ಚಯಿಸುತ್ತಿದ್ದುದು ಹೇಗೆಂದು ಕೇಳಿದಾಗ, “ಒಂದು ಸಲ ಹಾಳು ಮಾಡಿಯೇ ಕಲಿತದ್ದು ಮಾರಾಯರೆ. ಎರಡನೆಯ ಸಲಕ್ಕೆ ಹಾಳು ಮಾಡಲಿಕ್ಕೆ ಬೇರೆ ಹೆಡ್ಡು ಎಲ್ಲಿತ್ತು?” ಎಂದರು. ಶೋಲಾವರಕ್ಕೆ ಹೋಗುವಾಗ ಅದೇ ಕಾರನ್ನು ಮುಂಬಯಿಯಿಂದ ಓಡಿಸಿಕೊಂಡು ಹೋಗಿ, ಪಂದ್ಯದ ಟಯರು ಹಾಕಿ ಓಡಿಸಿ, ಮತ್ತೆ ಹಳೆಯ ಟಯರು ಹಾಕಿ ಹಿಂದಿರುಗುತ್ತಿದ್ದರಂತೆ.

ಊಟದ ಬಳಿಕ ಚರ್ಚೆ ಕಾರಿನ ಭವಿಷ್ಯದ ಕಡೆಗೆ ತಿರುಗಿತು. ಮಾತು ಬಿಸಿಯಾದುದೂ ಅಲ್ಲಿಯೇ. ಕಾರಿನ ಇಂದಿನ ಒಡೆಯರು ತಂಡದ ಮುಖಂಡರ ಮಗ. ಅವರಿಗೆ ಇದನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬೇಕೆಂಬ ಆಸೆ. 2021ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ಸ್ವಂತ ಬಳಕೆಯ ವಾಹನಕ್ಕೆ 20,000 ರೂಪಾಯಿ ಶುಲ್ಕ ತೆತ್ತು, “ವಿಎ” ಅಕ್ಷರಗಳುಳ್ಳ ವಿಶೇಷ ಸಂಖ್ಯೆಯನ್ನು ಪಡೆಯಬಹುದು. ಆದರೆ ವಾಹನ ಮೂಲರೂಪದಲ್ಲಿಯೇ ಇರಬೇಕು. ಚಾಸಿ, ಕವಚ, ಎಂಜಿನುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಕೂಡದು. ರಾಜರ ರೋಲ್ಸ್‌ರಾಯ್ಸ್‌ಗೆ ಈ ಷರತ್ತಿನಿಂದ ತೊಂದರೆಯಿಲ್ಲ. ಮಾರ್ಪಾಡೇ ಜೀವವಾಗಿರುವ ಓಟದ ಫಿಯೆಟ್ಟಿಗೆ ಬಾಗಿಲು ಮುಚ್ಚಿದಂತೆ. ಹೆರೆದ ಹೆಡ್ಡನ್ನು ತೆಗೆದು ಹಾಕಿ, ಜೋಡಿ ಕಾರ್ಬ್ಯುರೇಟರುಗಳನ್ನು ಕಳಚಿ, ಕುರ್ಲಾದಿಂದ ಹೊರಬಂದ ದಿನದ ಸ್ಥಿತಿಗೆ ಒಯ್ದರೆ ಕಾರಿಗೆ ಮಾನ್ಯತೆ ದೊರೆತೀತು. ಹಾಗೆಯೇ ಇಟ್ಟರೆ ಅದು ಕಾನೂನಿನ ಕಣ್ಣಿಗೆ ಗುಜರಿ. ಮಗ ಮೊದಲನೆಯ ದಾರಿಯನ್ನು ಬಯಸಿದರು. ಅವರ ಉದ್ದೇಶ ಒಳ್ಳೆಯದೇ. ತಂದೆಯ ಕಾರು ಮತ್ತೊಮ್ಮೆ ಬೀದಿಯಲ್ಲಿ ಓಡಲಿ ಎಂಬುದಷ್ಟೆ. ಕಾರ್ಕಳದವರು ಒಂದೇ ಮಾತು ಕೇಳಿದರು: “ಹಾಗಾದರೆ ನಾವು ಮಾಡಿದ್ದು ಯಾವುದು ಉಳಿಯಿತು?”

ಮೂಲರೂಪವೆಂಬ ಕಲ್ಪನೆಯನ್ನು ಜೋಗೇಶ್ವರಿಯಲ್ಲಿ ಕುಳಿತು ಚರ್ಚಿಸುವವರಿಗೆ ದೃಷ್ಟಾಂತ ದೂರದಲ್ಲಿಲ್ಲ. ಅಲ್ಲಿನ ಗುಹೆ ಕ್ರಿಸ್ತಶಕ ಆರನೆಯ ಶತಮಾನದ ಶೈವಾಲಯವೆಂದು ವಿದ್ವಾಂಸರ ಮತ. ಇಂದು ಅಲ್ಲಿ ಜೋಗೇಶ್ವರಿ ದೇವಿಯ ಪೂಜೆಯೂ ನಡೆಯುತ್ತದೆ. ಊರಿಗೆ ಹೆಸರು ಬಂದುದೂ ಆ ದೇವಿಯಿಂದಲೇ. ಮೂಲವೊಂದನ್ನೇ ಉಳಿಸಿ ಅನಂತರದ್ದೆಲ್ಲವನ್ನೂ ಅಳಿಸಬೇಕೆಂದರೆ ಊರಿನ ಹೆಸರೇ ಹೋದೀತು. ಫಿಯೆಟ್ ಕಾರುಗಳೇನೂ ಅಪೂರ್ವವಲ್ಲ. ಅದರ ವಂಶದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನವರೆಗೆ ಮುಂಬಯಿಯ ಬೀದಿಗಳಲ್ಲಿದ್ದವು. ಕುರ್ಲಾದ ಕಾರ್ಖಾನೆ ಮುಚ್ಚಿ, ಆ ನೆಲದಲ್ಲಿ ಈಗ ವಸತಿ ಸಮುಚ್ಚಯ ಎದ್ದಿದೆ. ಆದರೂ ಕಾರ್ಖಾನೆಯ ರೂಪದ ಫಿಯೆಟ್ಟು ಬೇಕೆಂದವರಿಗೆ ಇನ್ನೂ ದೊರೆಯುತ್ತದೆ. ಜುಹೂವಿನಲ್ಲಿ ಓಡಿದ ರೂಪ ಎಲ್ಲಿ ದೊರೆಯಬೇಕು? ಆದಕಾರಣ ಕಾರನ್ನು ಇದ್ದಂತೆಯೇ ಇಡಬೇಕೆಂಬುದು ನನ್ನ ಅಭಿಪ್ರಾಯ. ಅದನ್ನು ಅಲ್ಲಿಯೇ ಹೇಳಿದೆ. ತೀರ್ಮಾನ ಆ ದಿನ ಆಗಲಿಲ್ಲ. ಮಗ ಯೋಚಿಸಲು ಅವಧಿ ಕೇಳಿದ್ದಾರೆ.

ಪಂದ್ಯಗಳ ದಾಖಲೆ ಇಷ್ಟು ವಿರಳವೇಕೆ ಎಂಬುದಕ್ಕೆ ನನ್ನ ವೃತ್ತಿಯ ಕಡೆಯಿಂದ ಒಂದು ಉತ್ತರವುಂಟು. ಮೋಟಾರಿನ ಬಾಳಿನಲ್ಲಿ ಮೂರು ಕಾಗದಗಳು ಮುಖ್ಯ: ನೋಂದಣಿ ಪುಸ್ತಕ, ವಿಮೆ, ಸಾಲವಿದ್ದರೆ ಬ್ಯಾಂಕಿನ ಅಡಮಾನದ ಖಾತೆ. ವಿಮಾಪತ್ರವು ಪಂದ್ಯದಲ್ಲಿ ಒದಗಿದ ಹಾನಿಯನ್ನು ಸ್ಪಷ್ಟವಾಗಿ ಹೊರಗಿಡುತ್ತದೆ. ಅಡಮಾನಕ್ಕೆ ಇಟ್ಟ ವಾಹನದ ಸ್ವರೂಪವನ್ನು ಸಾಲಿಗನು ಬ್ಯಾಂಕಿನ ಒಪ್ಪಿಗೆಯಿಲ್ಲದೆ ಬದಲಿಸಕೂಡದು. ನೋಂದಣಿಯ ಕಚೇರಿಗೆ ಎಂಜಿನು ಬದಲಾದುದನ್ನು ತಿಳಿಸಬೇಕು. ಹೀಗಿರಲು ಪಂದ್ಯಕ್ಕೆ ಇಳಿದವನು ಮೂರು ಕಡೆಯೂ ಮೌನವಾಗಿರುವುದೇ ಲೇಸೆಂದು ಬಗೆದನು. ನಮ್ಮ ಅಡಮಾನ ಖಾತೆಗಳಲ್ಲಿ ಆ ಕಾಲದ ಫಿಯೆಟ್ಟುಗಳೆಲ್ಲ ಯಾವಾಗಲೂ ನಾಲ್ಕು ಆಸನದ ಗೃಹಸ್ಥರ ಕಾರುಗಳೇ!

ಈ ಮೌನದ ನಡುವೆ ಕಾರ್ಕಳದ ಹಿರಿಯರ ಬಳಿ ಒಂದು ನೋಟುಬುಕ್ಕು ಉಳಿದಿದೆ. ಅಂಕಿಗಳು ಇಂಗ್ಲಿಷಿನವು, ಬರಹ ಕನ್ನಡದ್ದು, ರಾತ್ರಿಶಾಲೆಯಲ್ಲಿ ತಿದ್ದಿದ ದುಂಡಕ್ಷರ. ಪ್ರತಿ ಪಂದ್ಯಕ್ಕೂ ಟಯರಿನ ಗಾಳಿ, ಕಾರ್ಬ್ಯುರೇಟರಿನ ಜೆಟ್ಟು, ಹೆಡ್ಡಿನ ದಪ್ಪ, ಯಾವ ಚಕ್ರದ ಬ್ರೇಕು ಮೊದಲು ಕಾಯಿತು ಎಂಬ ವಿವರಗಳಿವೆ. ಓಡಿಸಿದವರ ಹೆಸರು ಒಂದು ಕಡೆಯೂ ಇಲ್ಲ. ಅದು ಅವರಿಗೆ ಬೇಕಾದ ಸಂಗತಿಯಾಗಿರಲಿಲ್ಲ. ಅವರ ಅಪ್ಪಣೆಯಿಂದ ಆ ಪುಸ್ತಕದ ಪುಟಗಳ ಪಡಿಯಚ್ಚನ್ನು ತೆಗೆದುಕೊಂಡಿದ್ದೇನೆ. ಪಾಠವನ್ನು ಓದಿ ಪರಿಶೀಲಿಸುವ ಕೆಲಸ ನಡೆದಿದೆ. ಇಂತಹ ನೋಟುಬುಕ್ಕು ಇದೊಂದೇ ಆಗಿರಲಾರದು. ಕುರ್ಲಾ, ಅಂಧೇರಿ, ಜೋಗೇಶ್ವರಿಗಳ ಗ್ಯಾರೇಜುಗಳಲ್ಲಿ ಹಿರಿಯರು ದುಡಿದ ಮನೆಗಳಲ್ಲಿ ಹಳೆಯ ನೋಂದಣಿ ಪುಸ್ತಕ, ಬೆನ್ನಿನ ಮೇಲೆ ಸ್ಥಳವನ್ನೋ ತಾರೀಖನ್ನೋ ಬರೆದ ಛಾಯಾಚಿತ್ರ, ಲೆಕ್ಕದ ಚೀಟಿ ಏನೇ ಇದ್ದರೂ ವಾಚಕರು ಅದನ್ನು ರದ್ದಿಗೆ ಹಾಕುವ ಮೊದಲು ಪತ್ರಿಕೆಯ ಕಚೇರಿಗೆ ಒಂದು ಮಾತು ತಿಳಿಸಬೇಕೆಂದು ಕೋರುತ್ತೇನೆ. ಮೂಲವನ್ನು ಕೊಡಬೇಕಾಗಿಲ್ಲ, ಪಡಿಯಚ್ಚು ತೆಗೆದು ಹಿಂದಿರುಗಿಸಲಾಗುವುದು.